ಹತ್ತನೇ ತರಗತಿಯವರಿಗೆ ಯಾರೂ ಹೇಳದ ಕೆಲವು ಮಾತು

ಮಾನ್ಯರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಎಲ್ಲ ಪತ್ರಿಕೆಗಳಲ್ಲೂ 625ಕ್ಕೆ 625 ತೆಗೆದವರ ಫೋಟೊ, ಅವರ ದಿನಚರಿ, ‘ಕಷ್ಟಪಟ್ಟು ಓದಿ’ ಎಂಬ ಹಿತವಚನ ಬರುತ್ತವೆ. ಬರಲಿ, ಸಂತೋಷ. ಆದರೆ ಜೂನ್‌ನಲ್ಲಿ ಪಿಯು ತರಗತಿಯಲ್ಲಿ ಕೂತ ಮಕ್ಕಳು ಎಡವುವುದು ಕಷ್ಟಪಡುವ ಮನಸ್ಸಿಲ್ಲದೆ ಅಲ್ಲ. ಹೈಸ್ಕೂಲಿನಲ್ಲಿ ಯಾರೂ ಹೇಳಿಕೊಡದ, ತಿಳಿದಿದ್ದರೆ ಹದಿನೈದು ದಿನದಲ್ಲಿ ಮುಗಿಯುತ್ತಿದ್ದ ಸಣ್ಣಪುಟ್ಟ ಕೆಲಸಗಳಿಂದ. ಬೆಂಗಳೂರಿನ ಬೇರೆ ಬೇರೆ ಕಾಲೇಜುಗಳಲ್ಲಿ ಎಂಜಿನಿಯರಿಂಗ್, ಬಿ.ಕಾಂ., ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿರುವ ನಾವು ಕೆಲವರು ಸೇರಿ, ಒಂಬತ್ತು–ಹತ್ತನೇ ತರಗತಿಯವರಿಗೆ ತಿಳಿಸಬೇಕಾದದ್ದನ್ನು ಇಲ್ಲಿ ಬರೆದಿದ್ದೇವೆ.

ಮೊದಲನೆಯದು ಏಪ್ರಿಲ್–ಮೇ ರಜೆ. ಪಿಯು ವಿಜ್ಞಾನಕ್ಕೆ ಹೋಗುವವರಿಗೆ ಇಲ್ಲೊಂದು ಕಾಣದ ಗುಂಡಿ ಇದೆ. ಪ್ರಥಮ ಪಿಯು ಭೌತಶಾಸ್ತ್ರದ ಎರಡನೇ ಅಧ್ಯಾಯವೇ ಸರಳರೇಖೆಯ ಚಲನೆ. ಅಲ್ಲಿ ಅವಕಲನ, ಅಂದರೆ ಬದಲಾವಣೆಯ ದರ ಕಂಡುಹಿಡಿಯುವ ಡಿಫರೆನ್ಷಿಯೇಷನ್, ಬೇಕೇ ಬೇಕು. ಆದರೆ ಗಣಿತದ ಪುಸ್ತಕದಲ್ಲಿ ಅದು ಬರುವುದು ಹನ್ನೆರಡನೇ ಅಧ್ಯಾಯದಲ್ಲಿ, ವರ್ಷದ ಕೊನೆಗೆ. ವೆಕ್ಟರ್‌ನ (ಪ್ರಮಾಣ, ದಿಕ್ಕು ಎರಡೂ ಇರುವ ಪರಿಮಾಣದ) ಸ್ಥಿತಿ ಇನ್ನೂ ವಿಚಿತ್ರ: ಭೌತಶಾಸ್ತ್ರದವರಿಗೆ ಮೂರನೇ ಅಧ್ಯಾಯಕ್ಕೇ ಬೇಕು, ಗಣಿತದವರು ಅದನ್ನು ಪೂರ್ತಿಯಾಗಿ ಮಾಡುವುದು ದ್ವಿತೀಯ ಪಿಯುನಲ್ಲಿ. ಉಪನ್ಯಾಸಕರು ‘ಇದು ಗಣಿತದಲ್ಲಿ ಬರುತ್ತೆ’ ಎಂದು ಮುಂದೆ ಹೋಗುತ್ತಾರೆ. ಹುಡುಗರು ತಮ್ಮ ತಲೆಯೇ ದಡ್ಡು ಎಂದುಕೊಳ್ಳುತ್ತಾರೆ. ತಪ್ಪು ತಲೆಯದ್ದಲ್ಲ, ಪಠ್ಯಕ್ರಮದ ಅನುಕ್ರಮದ್ದು.

ಇದಕ್ಕೆ ದಿನಕ್ಕೊಂದು ಗಂಟೆಯಂತೆ ಎರಡು ವಾರ ಸಾಕು. ನಕ್ಷೆಯ ಇಳಿಜಾರು ಅಂದರೆ ಏನು, ಬಾಗಿದ ಗೆರೆಗೆ ಒಂದು ಬಿಂದುವಿನಲ್ಲಿ ಸ್ಪರ್ಶಕ ಎಳೆದರೆ ಅದರ ಇಳಿಜಾರು ಏನು ಹೇಳುತ್ತದೆ ಎಂಬುದು ಮೊದಲ ಮೂರು ದಿನ. ಗ್ರಾಫ್ ಹಾಳೆಯಲ್ಲಿ ಕೈಯಿಂದಲೇ ಎಳೆದು ನೋಡಬೇಕು, ಮೊಬೈಲಿನ ವಿಡಿಯೊ ನೋಡಿದರೆ ಬರುವುದಿಲ್ಲ. ಆಮೇಲೆ ಘಾತದ ನಿಯಮ (ಇಲ್ಲಿ ಟಿ ಅಂದರೆ ಕಾಲ): ಟಿ²ನ ಅವಕಲನ 2ಟಿ, ಟಿ³ನದ್ದು 3ಟಿ². ಸ್ಥಾನ 5ಟಿ² ಆದರೆ ವೇಗ 10ಟಿ, ವೇಗೋತ್ಕರ್ಷ 10. ಜೊತೆಗೆ ಸೈನ್, ಕಾಸ್‌ಗಳ ಅವಕಲನ. ಇಷ್ಟು ಬಂದರೆ ಮೊದಲ ಆರು ತಿಂಗಳು ನಿಭಾಯಿಸಬಹುದು.

ವೆಕ್ಟರ್‌ನಲ್ಲಿ ಕಲಿಯಬೇಕಾದದ್ದು ಒಂದೇ, ಘಟಕಗಳಾಗಿ ಒಡೆಯುವುದು. ‘ಅಡ್ಡಕ್ಕೆ ಕಾಸ್, ಲಂಬಕ್ಕೆ ಸೈನ್’ ಎಂದು ಬಾಯಿಪಾಠ ಮಾಡಿದವರು ಇಳಿಜಾರು ಹಲಗೆಯ ಲೆಕ್ಕದಲ್ಲಿ ಕಡ್ಡಾಯವಾಗಿ ತಪ್ಪುತ್ತಾರೆ. ಕೋನವನ್ನು ಯಾವ ದಿಕ್ಕಿನಿಂದ ಅಳೆದಿದ್ದೇವೋ ಆ ದಿಕ್ಕಿಗೆ ಕಾಸ್, ಅದಕ್ಕೆ ಲಂಬವಾದದ್ದಕ್ಕೆ ಸೈನ್. ಹಲಗೆ ನೆಲದೊಂದಿಗೆ 30 ಡಿಗ್ರಿ ಇದ್ದರೆ, ತೂಕದ ಗೆರೆಗೂ ಹಲಗೆಯ ಲಂಬಕ್ಕೂ ನಡುವೆ 30 ಡಿಗ್ರಿ. ಹಾಗಾಗಿ ಹಲಗೆಯ ಉದ್ದಕ್ಕೆ ಇಳಿಯುವ ಭಾಗ ತೂಕ × ಸೈನ್ 30, ಅಂದರೆ ತೂಕದ ಅರ್ಧ. ಈ ಒಂದು ಚಿತ್ರವನ್ನು ಹತ್ತು ಬಾರಿ ಬರೆದರೆ ಬಲದ ಅಧ್ಯಾಯದ ಅರ್ಧ ಭಯ ಹೋಗುತ್ತದೆ.

ಲಾಗರಿದಮ್ (10ರ ಎಷ್ಟನೇ ಘಾತ ಆ ಸಂಖ್ಯೆ ಎಂಬ ಬೆಲೆ) ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಇಲ್ಲ. ಆದರೆ ಪಿಎಚ್ ಲೆಕ್ಕ, ರಾಸಾಯನಿಕ ಕ್ರಿಯೆಯ ವೇಗ ಎಲ್ಲ ಅದರ ಮೇಲೆಯೇ ನಿಂತಿವೆ. ಎಂಜಿನಿಯರಿಂಗ್‌ನಂಥ ಕೋರ್ಸುಗಳಿಗೆ ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಕ್ಯಾಲ್ಕುಲೇಟರ್ ಇಲ್ಲ. ಮೂರು ಬೆಲೆ ನೆನಪಿಡಿ: ಲಾಗ್ 2 ಎಂದರೆ 0.3010, ಲಾಗ್ 3 ಎಂದರೆ 0.4771, ಲಾಗ್ 7 ಎಂದರೆ 0.8451. ಒಂದರಿಂದ ಹತ್ತರವರೆಗಿನ ಉಳಿದೆಲ್ಲವನ್ನೂ ಕೂಡಿಸಿ ಕಳೆದು ತೆಗೆಯಬಹುದು. ನಾಲ್ಕರದ್ದು ಎರಡರ ದುಪ್ಪಟ್ಟು, ಐದರದ್ದು 1ರಿಂದ 0.3010 ಕಳೆದು 0.6990, ಆರರದ್ದು ಎರಡು ಮತ್ತು ಮೂರರ ಮೊತ್ತ 0.7781. ಎಲ್ಲರೂ ಮಾಡುವ ತಪ್ಪೊಂದಿದೆ. ಹೈಡ್ರೋಜನ್ ಅಯಾನಿನ ಸಾರತೆ 2 × 10⁻⁵ ಎಂದು ಕೊಟ್ಟರೆ ಪಿಎಚ್ 5.3 ಎಂದು ಬರೆಯುವುದು. ಸರಿ ಉತ್ತರ 5ರಿಂದ 0.3 ಕಳೆದ 4.7. 10⁻⁵ಕ್ಕಿಂತ ಸಾರತೆ ಎರಡು ಪಟ್ಟಾಗಿದೆ, ಆಮ್ಲೀಯತೆ ಹೆಚ್ಚಿದೆ, ಆದ್ದರಿಂದ ಪಿಎಚ್ 5ಕ್ಕಿಂತ ಕೆಳಗೇ ಇರಬೇಕು. ಆಯ್ಕೆಗಳಲ್ಲಿ 5.3 ಕೂಡ ಇರುತ್ತದೆ, ಪ್ರಶ್ನೆ ಮಾಡುವವರಿಗೂ ಈ ತಪ್ಪು ಗೊತ್ತು.

ಕನ್ನಡ ಮಾಧ್ಯಮದವರಿಗೆ ಇನ್ನೊಂದು ಮಾತು. ಪಿಯುನಲ್ಲಿ ಒಮ್ಮೆಲೇ ಎಲ್ಲ ಇಂಗ್ಲಿಷಾದಾಗ ಆಗುವ ಗಾಬರಿಗೆ ‘ಸ್ಪೋಕನ್ ಇಂಗ್ಲಿಷ್’ ತರಗತಿ ಮದ್ದಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಹತ್ತನೇ ತರಗತಿಯ ವಿಜ್ಞಾನ, ಗಣಿತ ಪುಸ್ತಕಗಳು ಎರಡೂ ಮಾಧ್ಯಮದಲ್ಲಿ ಉಚಿತವಾಗಿ ಸಿಗುತ್ತವೆ. ಅಧ್ಯಾಯಗಳೂ ಅವೇ, ಚಿತ್ರಗಳೂ ಅವೇ. ಕನ್ನಡದಲ್ಲಿ ಚೆನ್ನಾಗಿ ಬರುವ ಒಂದು ಅಧ್ಯಾಯ, ವಿದ್ಯುಚ್ಛಕ್ತಿಯೋ ಬೆಳಕೋ, ತೆಗೆದುಕೊಂಡು ಇಂಗ್ಲಿಷ್ ಪುಸ್ತಕವನ್ನು ಪಕ್ಕದಲ್ಲಿಟ್ಟು ಪ್ಯಾರಾ ಪ್ಯಾರಾ ಓದಿ. ವಿಷಯ ಮೊದಲೇ ಗೊತ್ತಿರುವುದರಿಂದ ಭಾಷೆಯೊಂದೇ ಹೊಸದು, ಡಿಕ್ಷನರಿ ಹೆಚ್ಚು ಬೇಕಾಗದು. ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಮ್ ಮಾಡಿ ಬರೆದುಕೊಳ್ಳಿ: ರೋಧ–ರೆಸಿಸ್ಟೆನ್ಸ್, ವಿಭವಾಂತರ–ಪೊಟೆನ್ಷಿಯಲ್ ಡಿಫರೆನ್ಸ್. ಮುನ್ನೂರು ಪದ ಆಗುವ ಹೊತ್ತಿಗೆ ಪಿಯು ಪುಸ್ತಕ ಅಷ್ಟು ಪರಕೀಯ ಅನ್ನಿಸುವುದಿಲ್ಲ. ಆರಂಭದ ತಿಂಗಳುಗಳ ಕಿರುಪರೀಕ್ಷೆಯಲ್ಲಿ ಅಂಕ ಬೀಳುತ್ತದೆ, ಬೀಳಲಿ. ಆ ಹೊತ್ತಿನಲ್ಲಿ ಹೆದರಿ ಕಾಂಬಿನೇಷನ್ (ಆರಿಸಿಕೊಂಡ ನಾಲ್ಕು ವಿಷಯಗಳ ಗುಂಪು) ಬದಲಿಸಬೇಡಿ.

ಕಾಂಬಿನೇಷನ್ ವಿಷಯದಲ್ಲಿ ನಗರದಲ್ಲಿ ಓಡಾಡುವಷ್ಟು ಗಾಳಿಸುದ್ದಿ ಬೇರೆಲ್ಲೂ ಇಲ್ಲವೇನೋ. ‘ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಬೇಕಿದ್ದರೆ ಪಿಸಿಎಂಸಿಯೇ (ಭೌತ, ರಸಾಯನ, ಗಣಿತ, ಕಂಪ್ಯೂಟರ್ ವಿಜ್ಞಾನ) ತೆಗೆದುಕೊಳ್ಳಬೇಕು’ ಎನ್ನುವುದು ಅವುಗಳಲ್ಲಿ ದೊಡ್ಡದು. ಅಂಥ ನಿಯಮ ಇಲ್ಲ. ಎಂಜಿನಿಯರಿಂಗ್‌ಗೆ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ, ಸಿಇಟಿ ರ‍್ಯಾಂಕ್‌ಗೆ ಅವೆರಡರ ಜೊತೆ ರಸಾಯನಶಾಸ್ತ್ರ. ನಾಲ್ಕನೆಯ ವಿಷಯ ಜೀವಶಾಸ್ತ್ರವಾದರೂ ಎಲೆಕ್ಟ್ರಾನಿಕ್ಸ್ ಆದರೂ ಸೀಟಿಗೆ ಅಡ್ಡಿಯಿಲ್ಲ. ವೈದ್ಯಕೀಯ, ಪಶುವೈದ್ಯ, ಕೃಷಿ ಬಿ.ಎಸ್ಸಿ. ಎಂಬ ಯೋಚನೆ ಸ್ವಲ್ಪವಾದರೂ ಇದ್ದರೆ ಜೀವಶಾಸ್ತ್ರ ಬಿಡಬಾರದು, ಏಕೆಂದರೆ ಆಮೇಲೆ ಸೇರಿಸಿಕೊಳ್ಳುವುದು ಬಲು ಕಷ್ಟ. ಆದರೆ ವೈದ್ಯಕೀಯದ ಪ್ರವೇಶ ಪರೀಕ್ಷೆ ನೀಟ್ ಮತ್ತು ಎಂಜಿನಿಯರಿಂಗ್‌ನ ರಾಷ್ಟ್ರಮಟ್ಟದ ಪರೀಕ್ಷೆ ಜೆಇಇ ಎರಡಕ್ಕೂ ಒಟ್ಟಿಗೆ ಕೋಚಿಂಗ್ ಹಾಕಿಸುವುದು ಬೇರೆ ಮಾತು. ನೀಟ್‌ನ 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು, ಗಣಿತ ಒಂದೂ ಇಲ್ಲ. ಜೆಇಇಯಲ್ಲಿ ಮೂರನೇ ಒಂದು ಭಾಗ ಗಣಿತ, ಜೀವಶಾಸ್ತ್ರ ಸೊನ್ನೆ. ಎರಡನ್ನೂ ಹಿಡಿದವರು ಸಾಮಾನ್ಯವಾಗಿ ಎರಡರಲ್ಲೂ ಅರ್ಧಕ್ಕೆ ನಿಲ್ಲುತ್ತಾರೆ.

ವಾಣಿಜ್ಯಕ್ಕೆ ಹೋಗುವವರು ಗಣಿತದಿಂದ ತಪ್ಪಿಸಿಕೊಂಡೆವು ಎಂದು ನಿಟ್ಟುಸಿರು ಬಿಡುವುದು ಬೇಡ. ಲೆಕ್ಕಪರಿಶೋಧಕರಾಗಲು ಬರೆಯುವ ಮೊದಲ ಹಂತದ ಪರೀಕ್ಷೆ ಸಿಎ ಫೌಂಡೇಷನ್‌ನ ಮೂರನೇ ಪತ್ರಿಕೆಯೇ ವಾಣಿಜ್ಯ ಗಣಿತ, ತಾರ್ಕಿಕ ಪ್ರಶ್ನೆ ಮತ್ತು ಸಂಖ್ಯಾಶಾಸ್ತ್ರ. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ, ಪ್ರತಿ ಪತ್ರಿಕೆಯಲ್ಲೂ ಶೇ 40, ಒಟ್ಟು ಶೇ 50 ಬರಬೇಕು. ಪಿಯುನಲ್ಲಿ ಬೇಸಿಕ್ ಮ್ಯಾಥ್ಸ್ ಅಥವಾ ಸ್ಟ್ಯಾಟಿಸ್ಟಿಕ್ಸ್ ಇರುವ ಕಾಂಬಿನೇಷನ್ ಸಿಕ್ಕರೆ ಅದನ್ನೇ ಹಿಡಿಯಿರಿ. ಕಲಾ ವಿಭಾಗದವರಿಗೆ ನಾವು ಹೇಳುವುದು ಕಡಿಮೆ, ನಮ್ಮಲ್ಲಿ ಆ ವಿಭಾಗದವರು ಯಾರೂ ಇಲ್ಲ. ಕಾನೂನು ಓದುವ ಆಸೆಯಿದ್ದರೆ ಮಾತ್ರ, ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಂಥ ಕಡೆ ಐದು ವರ್ಷದ ಕೋರ್ಸಿಗೆ ಪಿಯು ಮುಗಿಸಿ ನೇರ ಪ್ರವೇಶ ಪರೀಕ್ಷೆ ಬರೆಯಬಹುದು, ಯಾವ ವಿಭಾಗವಾದರೂ ಸರಿ ಎಂಬುದು ತಿಳಿದಿರಲಿ.

ಡಿಪ್ಲೊಮಾ ಬಗ್ಗೆ ಇರುವ ತಾತ್ಸಾರ ಮಾತ್ರ ನಮಗೆ ಅರ್ಥವಾಗಿಲ್ಲ. ಪಿಯು ಎರಡು ವರ್ಷ, ಬಿಇ ನಾಲ್ಕು, ಒಟ್ಟು ಆರು. ಪಾಲಿಟೆಕ್ನಿಕ್ ಮೂರು ವರ್ಷ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಪ್ರವೇಶ, ಅಲ್ಲಿ ಮೂರು ವರ್ಷ, ಒಟ್ಟು ಅದೇ ಆರು. ನಡುವೆ ಮನೆಯ ಪರಿಸ್ಥಿತಿ ಕೈಕೊಟ್ಟರೆ ಕೆಲಸಕ್ಕೆ ಸೇರಲು ಕೈಯಲ್ಲೊಂದು ಡಿಪ್ಲೊಮಾ ಇರುತ್ತದೆ. ಸಮಸ್ಯೆ ಒಂದೇ: ಈ ದಾರಿಯಲ್ಲಿ ಬಂದವರಿಗೆ ಬಿಇ ಗಣಿತ ಭಾರವಾಗುತ್ತದೆ. ಅದಕ್ಕೆ ಡಿಪ್ಲೊಮಾ ಓದುವಾಗಲೇ ಪಿಯು ಗಣಿತದ ಕಲನಶಾಸ್ತ್ರದ ಅಧ್ಯಾಯಗಳನ್ನು ಬಿಡದೆ ಮಾಡುತ್ತಿರಬೇಕು.

ಪಿಯು ಸೇರಿದ ಮೇಲೆ ‘ಬೋರ್ಡ್ ಪರೀಕ್ಷೆ ಪಾಸಾದರೆ ಸಾಕು, ಸಿಇಟಿ ನೋಡಿಕೊಳ್ಳೋಣ’ ಎನ್ನುವವರು ಎಂಜಿನಿಯರಿಂಗ್ ರ‍್ಯಾಂಕ್ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಲಿ. ಪಿಯು ಭೌತ, ರಸಾಯನ, ಗಣಿತದ ಶೇಕಡಾವಾರು ಅರ್ಧ, ಸಿಇಟಿಯ ಶೇಕಡಾವಾರು ಅರ್ಧ. ಪಿಯುನಲ್ಲಿ ಶೇ 90, ಸಿಇಟಿಯಲ್ಲಿ 180ಕ್ಕೆ 90 ಬಂದವರಿಗೆ 70. ಪಿಯುನಲ್ಲಿ ಶೇ 75, ಸಿಇಟಿಯಲ್ಲಿ 108 ಬಂದವರಿಗೆ 67.5. ಸಿಇಟಿಯಲ್ಲಿ 18 ಅಂಕ ಹೆಚ್ಚು ತೆಗೆದವರೇ ಹಿಂದೆ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ಋಣಾತ್ಮಕ ಅಂಕ ಇಲ್ಲ. ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ಲ್ಯಾಬ್ ರೆಕಾರ್ಡನ್ನು ಆಯಾ ವಾರವೇ ಬರೆದು ಸಹಿ ಹಾಕಿಸಿಕೊಳ್ಳಿ. ಭೌತ, ರಸಾಯನಕ್ಕೆ ತಲಾ 30 ಅಂಕ ಪ್ರಾಯೋಗಿಕ ಪರೀಕ್ಷೆಯದ್ದು, ಜನವರಿಯಲ್ಲಿ ರಾತ್ರಿ ಕೂತು ಗೆಳೆಯರ ರೆಕಾರ್ಡ್ ನಕಲು ಮಾಡಿದವರಿಗೆ ಪರೀಕ್ಷಕರ ಮೌಖಿಕ ಪ್ರಶ್ನೆಗೆ ಬಾಯಿ ಬರುವುದಿಲ್ಲ.

ಕಾಲೇಜು ಆರಿಸುವಾಗ ಹೆಸರಿನಷ್ಟೇ ದೂರವನ್ನೂ ನೋಡಿ. ಕೆಂಗೇರಿಯಿಂದ ವೈಟ್‌ಫೀಲ್ಡ್ ಕಡೆಗೆ ದಿನಾ ಹೋಗಿ ಬರುವುದು ಮೆಟ್ರೊ ಇದ್ದರೂ ಮೂರು ತಾಸಿನ ಮಾತು. ವಾರಕ್ಕೆ ಆರು ದಿನ ಅಂದರೆ ಹದಿನೆಂಟು ತಾಸು. ಯಾವ ಕೋಚಿಂಗ್ ಸಂಸ್ಥೆಯೂ ಅದನ್ನು ಹಿಂದಿರುಗಿಸುವುದಿಲ್ಲ. ಮನೆಯಲ್ಲಿ ಓದಲು ಜಾಗವಿಲ್ಲದವರಿಗೆ ಬಡಾವಣೆಯ ಸಾರ್ವಜನಿಕ ಗ್ರಂಥಾಲಯ, ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯ ಇವೆ.

ಇನ್ನು ಎಲ್ಲಕ್ಕಿಂತ ಹೆಚ್ಚು ಜನರನ್ನು ಕಾಡುವ ವಿಷಯ, ಕಾಗದಪತ್ರ. ಹತ್ತನೇ ತರಗತಿ ಪರೀಕ್ಷೆಗೆ ನೋಂದಣಿ ಮಾಡುವಾಗ ಶಾಲೆಯಲ್ಲಿ ಹೆಸರಿನ ಪಟ್ಟಿ ತೋರಿಸಿ ಸಹಿ ಮಾಡಿಸಿಕೊಳ್ಳುತ್ತಾರೆ. ನೋಡದೆ ಸಹಿ ಹಾಕಬೇಡಿ. ನಿಮ್ಮ ಹೆಸರು, ಇನಿಷಿಯಲ್, ಹುಟ್ಟಿದ ದಿನಾಂಕ ನಿಮ್ಮ ಆಧಾರ್‌ನಲ್ಲಿರುವಂತೆಯೇ, ತಂದೆ–ತಾಯಿ ಹೆಸರು ಅವರವರ ಆಧಾರ್‌ನಲ್ಲಿರುವಂತೆಯೇ ಇವೆಯೇ ಎಂದು ಅಕ್ಷರ ಅಕ್ಷರ ಹೋಲಿಸಿ. ಶಾಲೆಯಲ್ಲಿ ‘ಕೆ.ಎನ್.’ ಎಂದಿರುವುದು ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರಾಗಿರುತ್ತದೆ, ಇಂಗ್ಲಿಷ್‌ನಲ್ಲಿ ಒಂದು ಕಡೆ ಕೊನೆಗೆ ‘ಎ’ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಈ ಒಂದು ಅಕ್ಷರಕ್ಕೇ ವಿದ್ಯಾರ್ಥಿವೇತನದ ಅರ್ಜಿ ನಿಲ್ಲುತ್ತದೆ, ಮುಂದೆ ಪಾಸ್‌ಪೋರ್ಟ್ ಕೂಡ ತಡವಾಗುತ್ತದೆ. ಅಂಕಪಟ್ಟಿ ಅಚ್ಚಾಗುವ ಮುನ್ನ ಮುಖ್ಯೋಪಾಧ್ಯಾಯರ ಮೂಲಕ ತಿದ್ದಿಸುವುದು ಸುಲಭ, ಅಚ್ಚಾದ ಮೇಲೆ ಮಂಡಳಿಯ ಕಚೇರಿಗೆ ಅಲೆದಾಟ.

ಜಾತಿ–ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲಿನ, ‘ಆರ್‌ಡಿ’ ಎಂದು ಶುರುವಾಗುವ ಸಂಖ್ಯೆಯನ್ನೇ ಸಿಇಟಿ ಅರ್ಜಿಯಲ್ಲಿ ಹಾಕಬೇಕು. ಪರಿಶಿಷ್ಟರಿಗೆ ನಮೂನೆ ಡಿ, ಪ್ರವರ್ಗ 1ಕ್ಕೆ ನಮೂನೆ ಇ, 2ಎ, 2ಬಿ, 3ಎ, 3ಬಿಗಳಿಗೆ ನಮೂನೆ ಎಫ್. ಅಪ್ಪನ ಹೆಸರಿನಲ್ಲಿರುವ ಪತ್ರ ನಡೆಯುವುದಿಲ್ಲ, ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು. ಆದಾಯದ ಪತ್ರಕ್ಕೆ ಐದು ವರ್ಷದ ಅವಧಿ, ಏಳನೇ ತರಗತಿಯಲ್ಲಿ ಮಾಡಿಸಿದ್ದು ಸಿಇಟಿ ಹೊತ್ತಿಗೆ ಕೆಲಸಕ್ಕೆ ಬಾರದು.

ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ 5 ಮೀಸಲಾತಿ ಇದೆ. ಇದು ಹಳ್ಳಿಯವರಿಗೆ ಮಾತ್ರ ಎಂದು ಬೆಂಗಳೂರಿನ ಸರ್ಕಾರಿ ಶಾಲೆ ಮಕ್ಕಳಲ್ಲಿ ಅನೇಕರು ತಿಳಿದಿದ್ದಾರೆ. ತಪ್ಪು, ಗ್ರಾಮೀಣ ಮೀಸಲಾತಿಯ ಶೇ 15 ಬೇರೆ, ಇದು ಬೇರೆ. ಇದಕ್ಕೆ ಓದಿದ ಪ್ರತಿ ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರ ಬೇಕು, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯೂ ಬೇಕು. ಬಾಡಿಗೆ ಮನೆ ಬದಲಾದಂತೆ ಮೂರ್ನಾಲ್ಕು ಶಾಲೆ ಬದಲಿಸಿದವರು ಈ ನಗರದಲ್ಲಿ ಎಷ್ಟೋ ಮಂದಿ, ಅವುಗಳಲ್ಲಿ ಒಂದೆರಡು ಶಾಲೆ ಮುಚ್ಚಿಯೂ ಹೋಗಿರುತ್ತವೆ. ಒಂಬತ್ತನೇ ತರಗತಿಯಲ್ಲೇ ಹುಡುಕಲು ಶುರು ಮಾಡಿದರೆ ಸಮಯ ಇರುತ್ತದೆ.

ಅರ್ಜಿ ತುಂಬಲು ಸೈಬರ್ ಸೆಂಟರ್‌ಗೆ ಹೋದಾಗ ಅಲ್ಲಿಯವರು ಬೇಗ ಮುಗಿಯಲೆಂದು ತಮ್ಮದೇ ಮೊಬೈಲ್ ನಂಬರ್, ಇಮೇಲ್ ಹಾಕಿಬಿಡುತ್ತಾರೆ. ಆಮೇಲೆ ಒಟಿಪಿ ಅವರಿಗೆ ಹೋಗುತ್ತದೆ, ಸೀಟು ಆಯ್ಕೆಯ ಕೊನೆಯ ದಿನ ಅವರು ಊರಲ್ಲಿರುವುದಿಲ್ಲ. ಮನೆಯವರದ್ದೇ, ರೀಚಾರ್ಜ್ ತಪ್ಪದ ನಂಬರ್ ಕೊಡಿ, ಪಾಸ್‌ವರ್ಡ್ ನೀವೇ ಬರೆದಿಟ್ಟುಕೊಳ್ಳಿ. ವಿದ್ಯಾರ್ಥಿವೇತನಕ್ಕೆ ಬ್ಯಾಂಕಿನಲ್ಲಿ ಆಧಾರ್ ಪ್ರತಿ ಕೊಟ್ಟರೆ ಆಗಲಿಲ್ಲ, ಆ ಖಾತೆಗೆ ‘ಆಧಾರ್ ಸೀಡಿಂಗ್’ (ಸರ್ಕಾರದ ಹಣ ಬರಲು ಖಾತೆಯನ್ನು ಆಧಾರ್‌ಗೆ ಜೋಡಿಸುವುದು) ಆಗಿದೆಯೇ ಎಂದು ಕೇಳಿ. ಹಣ ಬರುವುದು ಕೊನೆಯದಾಗಿ ಸೀಡಿಂಗ್ ಆದ ಖಾತೆಗೆ, ಅರ್ಜಿಯಲ್ಲಿ ಬರೆದದ್ದಕ್ಕಲ್ಲ.

ಶಿಕ್ಷಣ ಇಲಾಖೆಗೆ ನಮ್ಮದೊಂದು ಕೋರಿಕೆ: ಪ್ರತಿ ಪ್ರೌಢಶಾಲೆಯಲ್ಲೂ ಒಂಬತ್ತನೇ ತರಗತಿಯ ಮಕ್ಕಳು ಮತ್ತು ಪೋಷಕರನ್ನು ದಸರಾ ರಜೆಗೆ ಮುನ್ನ ಒಂದು ದಿನ ಕರೆದು, ಶಾಲಾ ದಾಖಲೆ ಮತ್ತು ಆಧಾರ್ ಎರಡನ್ನೂ ಎದುರಿಗಿಟ್ಟು ಹೆಸರು ತಾಳೆ ನೋಡಿಸಬೇಕು. ವ್ಯಾಸಂಗ ಪ್ರಮಾಣಪತ್ರದ ಖಾಲಿ ನಮೂನೆಯನ್ನೂ ಅಂದೇ ಕೈಗೆ ಕೊಡಬೇಕು.

– ಅಂತಿಮ ವರ್ಷದ ಕೆಲವು ವಿದ್ಯಾರ್ಥಿಗಳು, ಬೆಂಗಳೂರು