ಕರಿಯ ಸತ್ತ ಮೇಲೆ ಗಿರಿಗೆ ಬರೆದ ಕಾಗದ

ಚಿಕ್ಕಮಗಳೂರು
ರಾತ್ರಿ ಹನ್ನೊಂದೂವರೆ, ಮಳೆ, ಕರೆಂಟಿಲ್ಲ

ಲೋ ಗಿರಿ,

ಹೋದ ತಿಂಗಳು ಫೋನ್ ಮಾಡಿದಾಗ ಕೇಳಿದ್ದೆಯಲ್ಲ, "ಆಫೀಸಲ್ಲಿ ಹುಡುಗರೆಲ್ಲ ಜಪಾನಿನ ಚಿತ್ರಕಥೆ, ಮಂಗಾ ಮಂಗಾ ಅಂತಾರೆ, ನಾನೂ ಓದಬೇಕು, ಯಾವುದರಿಂದ ಶುರು ಮಾಡ್ಲಿ" ಅಂತ. ಆಮೇಲೆ ಹೇಳ್ತೀನಿ ಅಂದು ಫೋನ್ ಇಟ್ಟಿದ್ದೆ. ಅಪ್ಪ ಪಕ್ಕದಲ್ಲೇ ಕೂತು ಕೇಳಿಸ್ಕೊಂಡಿದ್ರು. "ತೋಟಕ್ಕೆ ಬಂದ ಮಂಗ ಓಡಿಸು ಅಂದ್ರೆ ಏಳಲ್ಲ, ಇಲ್ಲಿ ಕೂತು ಮಂಗ ಓದ್ತಾನಂತೆ" ಅಂದ್ರು. ಆವತ್ತು ಎರಡು ಬಾಳೆಗೊನೆ ಹೋಗಿತ್ತು ಮಾರಾಯ, ಅವರ ಸಿಟ್ಟೂ ಸುಳ್ಳಲ್ಲ.

ಈಗ ಹೇಳ್ತೀನಿ ಕೇಳು. ದುಡ್ಡು ಕೊಟ್ಟು ತರೋ ಮಂಗಾ ಆಮೇಲೆ. ಮೊದಲು ನಜ್‌ಲಾಕ್ ಅನ್ನೋ ಚಿತ್ರಕಥೆ ಓದು. ಇದು ಪೋಕೆಮಾನ್ ವಿಡಿಯೋ ಗೇಮಿನ ಕಂಪನಿಯವರು ಮಾಡಿಸಿದ್ದಲ್ಲ, ಆ ಆಟ ಆಡ್ತಾ ಆಡ್ತಾ ಒಬ್ಬ ಅಭಿಮಾನಿ ಬರೆದದ್ದು. ಜಪಾನಿನದ್ದೂ ಅಲ್ಲ, ಬರೆದವನು ನಿಕ್ ಫ್ರಾಂಕೊ ಅಂತ ಅಮೆರಿಕದವನು. ಹಂಗಾಗಿ ಕಟ್ಟುನಿಟ್ಟಾಗಿ ನೋಡಿದ್ರೆ ಮಂಗಾ ಅನ್ನೋ ಹಾಗಿಲ್ಲ, ಕಾಮಿಕ್ಸ್ ಅನ್ಬೇಕು. ನಿನ್ನ ಆಫೀಸಿನ ಹುಡುಗರು ಈ ವಿಷಯಕ್ಕೆ ಜಗಳಕ್ಕೆ ಬಂದ್ರೆ ಸೋತುಬಿಡು, ಅವರೇ ಸರಿ.

ಪೋಕೆಮಾನ್ ಅಂದ್ರೆ ಪ್ರಾಣಿ ಹಿಡಿದು ಕಾದಾಡಿಸೋ ಆಟ ಅಂತ ನಿನಗೆ ಹೊಸದಾಗಿ ಹೇಳಬೇಕಾ? ಸೈಬರ್ ಸೆಂಟರಲ್ಲಿ ಗಂಟೆಗೆ ದುಡ್ಡು ಕೊಟ್ಟು, ಒಬ್ಬ ಕೀಬೋರ್ಡಿನ ಬಾಣ ಒತ್ತಿದ್ರೆ ಇನ್ನೊಬ್ಬ ಎಂಟರ್ ಒತ್ತಿ, ಇಬ್ಬರೂ ಸೇರಿ ಒಬ್ಬನೇ ಆಡಿದ ಹಾಗೆ ಆಡ್ತಿದ್ವಲ್ಲ, ಅದೇ ರೂಬಿ. ಸರಣಿಯ ಮೊದಲ ಆಟ ಜಪಾನಲ್ಲಿ 1996ರಲ್ಲಿ ಬಂತು, ರೂಬಿ ಬಂದದ್ದು 2002ರಲ್ಲಿ. ಇದನ್ನ ಹುಟ್ಟು ಹಾಕಿದ ಸತೋಶಿ ತಜಿರಿ ಚಿಕ್ಕವನಿದ್ದಾಗ ಹುಳ ಹಿಡಿಯೋ ಹುಚ್ಚಿನವನಂತೆ. ನಾವು ಜೀರುಂಡೆ ಹಿಡಿದು ಬೆಂಕಿಪೊಟ್ಟಣಕ್ಕೆ ಹಾಕಿ ಕಿವಿಗಿಟ್ಕೊಂಡು ಕೇಳ್ತಿದ್ದದ್ದು ನೆನಪಿದೆಯಾ? ಅದೇ ಚಟ, ಅವನು ಅದನ್ನ ಆಟ ಮಾಡಿದ.

ಆ ಆಟದಲ್ಲಿ ಒಂದು ಸುಳ್ಳಿತ್ತು, ನಮಗೆ ಆಗ ಗೊತ್ತಾಗಿರಲಿಲ್ಲ. ಕಾದಾಟದಲ್ಲಿ ಯಾವ ಪ್ರಾಣಿಯೂ ಸಾಯಲ್ಲ. ಹೊಡೆತ ತಿಂದು ತಲೆಸುತ್ತಿ ಬೀಳುತ್ತೆ, ಆಸ್ಪತ್ರೆಗೆ ಒಯ್ದರೆ ಅರೆನಿಮಿಷದಲ್ಲಿ, ಅದೂ ಪುಕ್ಕಟೆಯಾಗಿ, ಎದ್ದು ನಿಲ್ಲುತ್ತೆ. ಎಂಥ ಆಸ್ಪತ್ರೆ ಮಾರಾಯ! 2010ರಲ್ಲಿ ಫ್ರಾಂಕೊ ಈ ರೂಬಿಯನ್ನೇ ಇನ್ನಷ್ಟು ಕಷ್ಟ ಮಾಡ್ಕೊಂಡು ಆಡೋಣ ಅಂತ ತನಗೆ ತಾನೇ ಎರಡು ಕಟ್ಟಳೆ ಹಾಕ್ಕೊಂಡ. ತಲೆಸುತ್ತಿ ಬಿದ್ದದ್ದು ಸತ್ತ ಲೆಕ್ಕ, ಮತ್ತೆ ಮುಟ್ಟೋ ಹಾಗಿಲ್ಲ, ಬಿಟ್ಟುಬಿಡಬೇಕು. ಒಂದೊಂದು ಜಾಗದಲ್ಲೂ ಮೊದಲು ಎದುರಾದದ್ದನ್ನ ಮಾತ್ರ ಹಿಡಿಯಬಹುದು. ಅದು ತಪ್ಪಿಸ್ಕೊಂಡ್ರೆ ಆ ಜಾಗದಲ್ಲಿ ನಿನಗೆ ಏನೂ ಇಲ್ಲ. ಹಿಡಿದದ್ದಕ್ಕೆಲ್ಲ ಹೆಸರಿಡಬೇಕು ಅನ್ನೋದೂ ಇವತ್ತು ಆಡೋರೆಲ್ಲ ಪಾಲಿಸೋ ಕಟ್ಟಳೆ. ಆಡ್ತಾ ಏನೇನಾಯ್ತೋ ಅದನ್ನೇ ಚಿತ್ರಕಥೆ ಮಾಡಿ ಇಂಟರ್ನೆಟ್ಟಿಗೆ ಹಾಕಿದ.

ಹೆಸರಿನ ಕಥೆ ಇನ್ನೂ ಚೆಂದ. ರೂಬಿಯಲ್ಲಿ ತಲೆ ಮೇಲೆ ಎಲೆ ಇರೋ ನಜ್‌ಲೀಫ್ ಅಂತ ಒಂದು ಇತ್ತಲ್ಲ, ಮೂಗುದ್ದ? ಅದಕ್ಕೆ ಆಗ ಟೀವಿಯಲ್ಲಿ ಬರ್ತಿದ್ದ 'ಲಾಸ್ಟ್' ಧಾರಾವಾಹಿಯ ಜಾನ್ ಲಾಕ್ ಅನ್ನೋ ಪಾತ್ರವನ್ನ ಬೆರೆಸಿ ಒಂದು ಪಾತ್ರ ಮಾಡಿದ. ಓದಿದವರಿಗೆ ಅದೇ ಹಿಡಿಸಿ, ಕಾಮಿಕ್ಸಿಗೂ ಆ ಕಟ್ಟಳೆಗಳಿಗೂ ನಜ್‌ಲಾಕ್ ಅಂತಲೇ ಹೆಸರು ನಿಂತುಹೋಯ್ತು. ಇವತ್ತು ಕಾಮಿಕ್ಸನ್ನ ಕಣ್ಣಲ್ಲಿ ಕಾಣದವರೂ "ನಜ್‌ಲಾಕ್ ಆಡ್ತಿದ್ದೀನಿ" ಅಂತಾರೆ.

ಶುರುವಿನ ಪುಟ ನೋಡಿ ನನ್ನ ಬೈಬೇಡ. ಗೆರೆ ಒರಟು, ನೀನು ಲೆಕ್ಕದ ನೋಟ್ಸಿನ ಕೊನೇ ಹಾಳೆಯಲ್ಲಿ ಮೇಷ್ಟ್ರ ಮುಖ ಬರೀತಿದ್ದೆಯಲ್ಲ, ಆ ಜಾತಿ. ಕೆಲವು ತಮಾಷೆ ಆ ಕಾಲದ್ದು, ಈಗ ಹಳಸಿದೆ. ಆದ್ರೂ ಓದ್ತಾ ಹೋಗು. ಸಾಮಾನ್ಯ ಕಥೆಯಲ್ಲಿ ಯಾರು ಸಾಯ್ಬೇಕು ಅಂತ ಬರೆಯೋನೇ ತೀರ್ಮಾನ ಮಾಡ್ತಾನೆ. ಇಲ್ಲಿ ಬರೆಯೋನಿಗೂ ಗೊತ್ತಿಲ್ಲ! ಆಟದ ಅದೃಷ್ಟ ಯಾರನ್ನ ಕೊಂದಿತೋ ಅವರ ಸಾವನ್ನ ಅವನು ಬರೀಬೇಕು. ಇಷ್ಟದ್ದೇ ಆಗಲಿ, ನಿನ್ನೆ ತಾನೇ ಬಂದದ್ದಾಗಲಿ. ಅದಕ್ಕೇ ತಮಾಷೆ ನಡೀತಿರೋವಾಗ್ಲೇ ಎಲ್ಲೋ ಒಂದು ಕಡೆ ನೆಲ ಜಾರಿದ ಹಾಗಾಗುತ್ತೆ. ರೂಬಿ ಮುಗಿದ ಮೇಲೆ ಫೈರ್‌ರೆಡ್ ಆಟದ ಮೇಲೂ ಬರೆದಿದ್ದಾನೆ. ಎರಡನ್ನೂ ಓದು, ಇದೇ ಸಾಲಲ್ಲಿ.

ಓದಿ ಸುಮ್ಮನಿರೋಕೆ ಆಗದೆ ನಾನೂ ಮೊಬೈಲಲ್ಲಿ ರೂಬಿ ಹಾಕ್ಕೊಂಡು ಕೂತೆ. ಮೊದಲ ದಾರಿಯಲ್ಲೇ ಎದುರಾದದ್ದು ಪೂಚಿಯೆನಾ, ಬೂದು ನಾಯಿಮರಿ. ನಮ್ಮನೆ ನಾಯಿ ಕರಿಯನ ಹೆಸರಿಟ್ಟೆ. ಕನ್ನಡ ಅಕ್ಷರ ಎಲ್ಲಿ ಬರಬೇಕು ಅದರಲ್ಲಿ, ಇಂಗ್ಲಿಷಲ್ಲೇ ಒಂದೊಂದಾಗಿ ಒತ್ತಿದೆ. ಬೆಳೆದು ಮೈಟಿಯೆನಾ ಆಗಿ ಜೂಲು ಬಿಟ್ಕೊಂಡು ನಿಂತ. ಜಿಮ್ ಅಂದ್ರೆ ಆಟದಲ್ಲಿ ಗೆದ್ದು ದಾಟಬೇಕಾದ ಅಖಾಡ. ಮೂರನೇದು ವಾಟ್ಸನ್ನಂದು, ಕರೆಂಟು ಹೊಡೆಯೋ ಪ್ರಾಣಿಗಳ ಗಿರಾಕಿ. ನನ್ನ ಹತ್ರ ಕರೆಂಟು ತಟ್ಟದ ಕಲ್ಲಿನ ಪ್ರಾಣಿ ಒಂದಿತ್ತು, ಅದನ್ನೇ ಮುಂದೆ ಬಿಡಬೇಕಿತ್ತು. ಬಿಡಲಿಲ್ಲ. ಕರಿಯನೇ ಮುಗಿಸಲಿ ಅನ್ನೋ ಜಂಬ. ವಾಟ್ಸನ್ನ ಮ್ಯಾಗ್ನೆಟಾನ್ ಅನ್ನೋ ಪ್ರಾಣಿ ಸಾನಿಕ್‌ಬೂಮ್ ಅನ್ನೋ ಹೊಡೆತ ಬಿಟ್ಟಾಗ ಕರಿಯನಿಗೆ ಉಳಿದಿದ್ದ ಜೀವ ಹದಿನೆಂಟು. ಆ ಹೊಡೆತ ಯಾವತ್ತೂ ಇಪ್ಪತ್ತೇ, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಗೊತ್ತಿದ್ದೂ ಔಷಧಿ ಕುಡಿಸದೆ ಹೊಡಿ ಅಂದಿದ್ದೆ.

ಕಟ್ಟಳೆ ಕಟ್ಟಳೆಯೇ. ಆಸ್ಪತ್ರೆಯ ಮೂಲೆಯ ಕಂಪ್ಯೂಟರಿಗೆ ಹೋಗಿ, ಕರಿಯನ ಚಿತ್ರದ ಮೇಲೆ ಕೈ ಇಟ್ಟು, ಬಿಡ್ತೀಯಾ ಅಂತ ಅದು ಕೇಳಿದ್ದಕ್ಕೆ ಹೌದು ಅಂತ ಒತ್ತಬೇಕು. ಒತ್ತಿದೆ. "ಬೈ-ಬೈ ಕರಿಯಾ" ಅಂತ ಬಂತು. ಅಷ್ಟೇ, ಮೂರು ಸೆಕೆಂಡು. ನಾನು ಮೊಬೈಲ್ ಮಗುಚಿಟ್ಟು ಸುಮ್ಮನೆ ಕೂತದ್ದು ನೋಡಿ ಅಮ್ಮ ಒಲೆ ಮುಂದಿಂದ ಎದ್ದು ಬಂದು, "ಯಾರು ಹೋದ್ರೋ?" ಅಂದ್ರು. ಕರಿಯ ಅಂದೆ. ಅಮ್ಮ ಜಗಲಿಗೆ ಓಡಿ ನೋಡಿದ್ರೆ ಅಸಲಿ ಕರಿಯ ಗೋಣಿಚೀಲದ ಮೇಲೆ ಮುದುಡಿ ಮಲಗಿ ಗೊರಕೆ ಹೊಡೀತಿದ್ದ. ಬೈಸ್ಕೊಂಡದ್ದನ್ನ ಬರೆಯಲ್ಲ.

ಇದು ಹಿಡಿಸಿದ್ರೆ ಜಪಾನಿನ ಕಡೆ ಹೋಗು. ಅಲ್ಲಿ ಅಭಿಮಾನಿಗಳು ತಾವೇ ಬರೆದು ಅಚ್ಚು ಹಾಕಿಸೋ ಪುಸ್ತಕಕ್ಕೆ ದೋಜಿನ್‌ಶಿ ಅಂತಾರೆ. ಅದನ್ನ ಮಾರೋಕೇ ಟೋಕಿಯೋದಲ್ಲಿ ಕಾಮಿಕೆಟ್ ಅಂತ ಸಂತೆ ನಡೆಯುತ್ತೆ. 1975ರ ಡಿಸೆಂಬರಲ್ಲಿ 32 ಗುಂಪು, ಸುಮಾರು 700 ಜನ ಸೇರಿ ಶುರುವಾದದ್ದು, ಈಗ ಲಕ್ಷಗಟ್ಟಲೆ ಜನ ಬರ್ತಾರೆ. ಅವನ್ನ ಬಲದಿಂದ ಎಡಕ್ಕೆ ಓದಬೇಕು, ನೀನು ಅದಕ್ಕೇ ಹೆದರ್ತಿದ್ದೆ. ಹೆದರೋದೇನಿದೆ, ಅಮೃತಾಪುರದ ದೇವಸ್ಥಾನದ ಗೋಡೆ ಮೇಲೆ ಕೆತ್ತಿದ ಕಥೆಯನ್ನ ಹಾಗೇ ಓದಿದ್ದೀಯ ನೀನು. ಸುಳ್ಳಲ್ಲ. ತರೀಕೆರೆ ಕಡೆ ಮದುವೆಗೆ ಹೋದವನು ಊಟದ ಸಾಲು ಉದ್ದ ಇತ್ತು ಅಂತ ಆ ದೇವಸ್ಥಾನಕ್ಕೆ ಹೋಗಿದ್ದೆಯಲ್ಲ. ವೀರ ಬಲ್ಲಾಳನ ಕಾಲದ್ದು, 1196. ಪ್ರದಕ್ಷಿಣೆ ಬರೋವಾಗ ಗೋಡೆ ಬಲಗೈಗಿರುತ್ತೆ ಅಲ್ವಾ, ಗೋಡೆ ಕಡೆ ತಿರುಗಿ ನಿಂತು ನೋಡಿದ್ರೆ ಮುಂದಿನ ಚಿತ್ರ ಎಡಕ್ಕಿರುತ್ತೆ. ಉತ್ತರದ ಬದಿಯಲ್ಲಿ ಕೃಷ್ಣನ ಕಥೆ 25 ಫಲಕ, ಮಹಾಭಾರತ 45, ಎಲ್ಲಾ ಹಾಗೇ, ಥೇಟ್ ಮಂಗಾ. ದಕ್ಷಿಣದ ಬದಿಯ ರಾಮಾಯಣ ಮಾತ್ರ 70 ಫಲಕವೂ ಉಲ್ಟಾ, ಅಪ್ರದಕ್ಷಿಣೆಯಾಗಿ ಸಾಗುತ್ತೆ. ಹೊಯ್ಸಳರ ಕಡೆ ಅದು ಅಪರೂಪ. ವಾಲ್ಮೀಕಿಯ ಕಥೆಯನ್ನ ಆ ಶಿಲ್ಪಿ ತನಗೆ ಬೇಕಾದ ದಿಕ್ಕಲ್ಲಿ ಕೆತ್ತಿದ, ಫ್ರಾಂಕೊ ಕಂಪನಿಯವರ ಆಟವನ್ನ ತನ್ನ ಕಟ್ಟಳೆಯಲ್ಲಿ ಆಡಿದ. ನನಗೇನೋ ಇಬ್ಬರೂ ಒಂದೇ ಊರಿನವರ ಹಾಗೆ ಕಂಡ್ರು. ಅಪ್ಪನಿಗೆ ಇದನ್ನ ಹೇಳಿದೆ, ಕಲ್ಲಲ್ಲೂ ಮಂಗಗಳಿದ್ದಾವೆ ಅಂತ. "ಅವು ಸೇತುವೆ ಕಟ್ಟಿದ್ವು, ಇವು ಬಾಳೆಗೊನೆ ಕೀಳ್ತವೆ" ಅಂದ್ರು.

ಹಾಂ, ಆ ಕಲ್ಲಿನ ಪ್ರಾಣಿ ಅಂದ್ನಲ್ಲ. ಜಿಯೋಡ್ಯೂಡ್ ಅಂತ, ಬಂಡೆಗೆ ಎರಡು ಕೈ ಬಂದ ಹಾಗಿದೆ. ಗುಹೆಯಲ್ಲಿ ಮೊದಲು ಅದೇ ಎದುರಾದದ್ದು, ಗಿರಿ ಅಂತ ಹೆಸರಿಟ್ಟೆ. ಕರಿಯ ಬಿದ್ದ ಮೇಲೆ ವಾಟ್ಸನ್ನ ಕಥೆ ಮುಗಿಸಿದ್ದು ನೀನೇ. ಈಗ ಕಾಡಿನ ದಾರಿಯಲ್ಲಿದ್ದೀವಿ, ಅಲ್ಲೂ ಇಲ್ಲಿಯ ಹಾಗೇ ಮಳೆ, ಮತ್ತೆ ನಿನಗೆ ನೀರು ಆಗಿಬರಲ್ಲ. ಮೊಬೈಲಲ್ಲಿ ಚಾರ್ಜ್ ನಾಲ್ಕು ಪರ್ಸೆಂಟ್ ಇದೆ, ನಿನ್ನ ಜೀವ ಹನ್ನೊಂದಿದೆ. ಸೇವ್ ಮಾಡಿ ಮಲಗ್ತೀನಿ.

ನಿನ್ನ,
ಪಚ್ಚು