ಆ ವಿಮಾನ ತೆಗೆದುಹಾಕು

ಮೈಸೂರು

ಪ್ರೀತಿಯ ಮಗಳೇ,

ನೀನು ಬರೆದ ಕಥೆ ಎರಡು ಸಲ ಓದಿದೆ. ನಿನ್ನ ಅಜ್ಜಿಯ ಬಾಲ್ಯ ಬರೆಯಬೇಕು ಅನ್ನಿಸಿದ್ದು ಒಳ್ಳೆಯದೇ. ಆದರೆ ಮೂರನೇ ಪುಟದಲ್ಲೇ ಮಂಡ್ಯದ ಮೇಲೆ ಬಾಂಬು ಹಾಕುವ ವಿಮಾನ ಯಾಕೆ ಬಂತು? 1942ರ ಏಪ್ರಿಲ್‌ನಲ್ಲಿ ಜಪಾನಿನವರು ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬು ಹಾಕಿದ್ದು ನಿಜ. ನಮ್ಮ ಕಡೆ ಬರಲಿಲ್ಲ. ತೆಗೆದುಹಾಕು.

ಬೈಯುವ ಯೋಗ್ಯತೆ ನನಗೂ ಇಲ್ಲ ಬಿಡು. ನನ್ನ ಮೊದಲ ಕಥೆಯಲ್ಲಿ ಯುದ್ಧದ ಸೈರನ್ ಕೂಗಿಸಿ ಇಡೀ ಮಂಡ್ಯವನ್ನು ಓಡಿಸಿದ್ದೆ. ಓದಿ ಹೇಳಿದಾಗ ನಮ್ಮಮ್ಮ, "ಕೂಗ್ತಿತ್ತು ಕಣೇ, ಸಕ್ಕರೆ ಫ್ಯಾಕ್ಟ್ರೀದು. ಅದು ಕೂಗಿದ್ರೆ ನಾವು ಒಲೆ ಹಚ್ಚೋವು" ಅಂದಳು. 1933ರಿಂದ ಇದ್ದ ಕಾರ್ಖಾನೆ. ನನಗೆ ಹೊಳೆದೇ ಇರಲಿಲ್ಲ.

ಯುದ್ಧ ನಮ್ಮಮ್ಮನ ಮನೆಗೆ ಬಂದದ್ದು ಹಿತ್ತಲ ಬಾಗಿಲಿಂದ. 1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನಿನವರ ಕೈಸೇರಿತು. ಬರ್ಮಾದ ಅಕ್ಕಿ ನಿಂತಿತು. ಸೀಮೆಎಣ್ಣೆ ಸಿಗದೆ ಬುಡ್ಡಿ ಮೂಲೆ ಸೇರಿ, ಹೊಂಗೆಣ್ಣೆ ಹಣತೆ ಬಂತು. ಮರುವರ್ಷ ನಡುವೆ ತೂತಿರುವ ಕಾಸು ಬಂತು. ದೊಡ್ಡವರು ಅದನ್ನು ನೋಡಿ ಲೊಚಗುಟ್ಟಿದರೆ ಅಮ್ಮ ದಾರಕ್ಕೆ ಪೋಣಿಸಿ ಸೊಂಟಕ್ಕೆ ಕಟ್ಟಿಕೊಂಡು ಕುಣಿದಳಂತೆ. ನಿನ್ನ ಹುಡುಗಿ ಯಾವಾಗ ನೋಡಿದರೂ ಅಳುತ್ತಿರುತ್ತಾಳೆ. ಒಂದು ದಿನವಾದರೂ ಕುಣಿಯಲಿ. ಹಾಗೆಯೇ ಅವಳ ಬಾಯಲ್ಲಿ ಹಿಟ್ಲರ್ ಬೇಡ. ಯುದ್ಧ ಯಾರ್‍ಯಾರಿಗೆ ಅಂತ ನಮ್ಮಮ್ಮನಿಗೆ ಕೊನೆಯವರೆಗೂ ಸರಿಯಾಗಿ ಗೊತ್ತಿರಲಿಲ್ಲ.

ನಿನ್ನ ಹುಡುಗಿ ದೊಡ್ಡವಳಾದದ್ದನ್ನು ಮಾತ್ರ ಒಂದೇ ಸಾಲಿನಲ್ಲಿ ಮುಗಿಸಿದ್ದೀಯ: "ಒಸಗೆ ಆಯಿತು, ಆರತಿ ಎತ್ತಿದರು." ನಾನಾಗಿದ್ದರೆ ಕಥೆಯನ್ನೆಲ್ಲ ಅಲ್ಲೇ ಕೂರಿಸುತ್ತಿದ್ದೆ. ಬಟ್ಟೆಗೆ ಕಂಟ್ರೋಲ್ ಇದ್ದ ಕಾಲ ಅದು. ನಮ್ಮಮ್ಮ ದೊಡ್ಡವಳಾದಾಗ ಅವಳನ್ನು ಕೂರಿಸುವ ಗುಡ್ಲಿಗೆ ಸೊಪ್ಪನ್ನು ಸೋದರಮಾವ ತಂದ. ಆಲೆಮನೆಗಳ ಸೀಮೆ, ಎಳ್ಳಿನ ಚಿಗಳಿಗೆ ಬೆಲ್ಲ ಹೇಗೋ ಆಯಿತು. ಸೀರೆ? ಹೊಸದು ಹಾಗಿರಲಿ, ತಿಂಗಳು ತಿಂಗಳು ಬೇಕಾಗುವ ಹಳೇ ಬಟ್ಟೆ ಎಲ್ಲಿಂದ ತರುವುದು? ತೇಪೆಯ ಮೇಲೆ ತೇಪೆ ಹಾಕಿ ಉಡುತ್ತಿದ್ದ ಮನೆಯಲ್ಲಿ ಯಾವ ಸೀರೆಯೂ ಹಳೆಯದಾಗುತ್ತಿರಲಿಲ್ಲ. ನಮ್ಮಜ್ಜಿ ಉಟ್ಟ ಸೀರೆಯ ಸೆರಗನ್ನೇ ಒಂದು ಗೇಣು ಹರಿದು ಕೊಟ್ಟಳು. ಅಮ್ಮ, ದೊಡ್ಡಮ್ಮ ಇಬ್ಬರೂ ಅದರ ತುಂಡುಗಳನ್ನೇ ಒಗೆದು, ಬೇಲಿಯ ಮರೆಯಲ್ಲಿ ಒಣಗಹಾಕಿ, ಸರದಿಯ ಮೇಲೆ ಬಳಸಿದರು. ಮಳೆಗಾಲದಲ್ಲಿ ಒಣಗುತ್ತಿರಲಿಲ್ಲ. ಹಸಿಯದನ್ನೇ ಕಟ್ಟಿಕೊಂಡು ಗದ್ದೆಗೆ ಹೋಗಿ, ತೊಡೆ ಉಜ್ಜಿ ಗಾಯವಾಗಿ, ಕಾಲು ಅಗಲಿಸಿ ನಡೆದರೆ ಊರ ಹುಡುಗರು ಬಾತುಕೋಳಿ ಅಂತ ಕರೆದರಂತೆ.

ಇಷ್ಟನ್ನು ಅಮ್ಮ ನನಗೆ ಹೇಳಿದ್ದು ಎಂಬತ್ತು ದಾಟಿದ ಮೇಲೆ. ಅದಕ್ಕೆ ಮೊದಲು ನಾನು ಕೇಳಿರಲೂ ಇಲ್ಲ. "ಯುದ್ಧದ ಕಾಲ ಹೇಗಿತ್ತಮ್ಮಾ" ಅಂತಷ್ಟೇ ಕೇಳಿ, "ಕಷ್ಟ ಇತ್ತು" ಅಂತ ಬರೆದುಕೊಂಡು ಎದ್ದುಬರುತ್ತಿದ್ದೆ.

ನಿನ್ನ ಅಜ್ಜಿ ಇನ್ನೂ ಗಟ್ಟಿಯಾಗಿದ್ದಾರೆ ಅಂದೆಯಲ್ಲ. ಈ ಸಲ ಊರಿಗೆ ಹೋದಾಗ ಬಟ್ಟೆಯ ವಿಷಯ ಕೇಳು. ನಿನ್ನಪ್ಪ, ಚಿಕ್ಕಪ್ಪ ಎದುರಿಗಿದ್ದಾಗ ಬೇಡ, ಬಾಯಿ ಬಿಡುವುದಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಲೂ ಹೋಗಬೇಡ. ಅವರೆಕಾಯಿ ಸುಲಿಯುತ್ತಾ ಜೊತೆಗೆ ಕೂತಿರು.

ನಿನ್ನ
ಅಮ್ಮನಂಥವಳು