ಸೈನಿಕರ ಕಿವಿಗೆ ಪಿಸುಮಾತಿನ ಪರೀಕ್ಷೆ ಸಾಲದು

ಮಾನ್ಯ ಸಂಪಾದಕರೇ,

ಜನವರಿ 15ರ ಸೇನಾ ದಿನ ಬಂತೆಂದರೆ ನಿಮ್ಮ ಪತ್ರಿಕೆಯಲ್ಲಿ ಸೈನಿಕರ ಬಗ್ಗೆ ಪುಟಗಟ್ಟಲೆ ಬರುತ್ತದೆ. 2023ರಲ್ಲಿ ಆ ದಿನದ ಪರೇಡ್ ಮೊದಲ ಸಲ ದೆಹಲಿ ಬಿಟ್ಟು ನಮ್ಮ ಬೆಂಗಳೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರಿನಲ್ಲಿ ನಡೆದಾಗಲಂತೂ ಕೇಳಬೇಕೇ? ಶೌರ್ಯ, ಪದಕ, ಕಾರ್ಯಪ್ಪನವರ ನೆನಪು, ಎಲ್ಲ ಇರಲಿ, ಸಂತೋಷ. ಆದರೆ ಸೈನ್ಯದಿಂದ ಬಂದವರಲ್ಲಿ ಎಷ್ಟೋ ಜನ ಮನೆಗೆ ಹೊತ್ತು ತರುವ ಒಂದು ಗಾಯದ ಬಗ್ಗೆ ಒಂದು ಕಾಲಂ ಓದಿದ ನೆನಪೂ ನನಗಿಲ್ಲ. ಅದು ಕಿವಿಯ ಗಾಯ. ರಕ್ತ ಬರುವುದಿಲ್ಲ, ಬ್ಯಾಂಡೇಜ್ ಕಟ್ಟುವುದಿಲ್ಲ, ಹಾಗಾಗಿ ಫೋಟೊ ತೆಗೆಯಲೂ ಏನೂ ಸಿಗುವುದಿಲ್ಲ.

ನಾನು ಆರ್ಟಿಲರಿಯಲ್ಲಿ, ಅಂದರೆ ಫಿರಂಗಿ ದಳದಲ್ಲಿದ್ದು ಹವಾಲ್ದಾರನಾಗಿ ನಿವೃತ್ತನಾದವನು. ನಮ್ಮ ಕಾಲದಲ್ಲಿ ಫೈರಿಂಗಿಗೆ ಮೊದಲು ಕೈಗೆ ಸಿಗುತ್ತಿದ್ದುದು ಹತ್ತಿ. ಎಂಐ ರೂಮಿನ, ಅಂದರೆ ಘಟಕದ ಚಿಕಿತ್ಸಾ ಕೋಣೆಯ, ಹತ್ತಿಯನ್ನು ಹರಿದು, ಉಂಡೆ ಮಾಡಿ ಕಿವಿಗೆ ತುರುಕಿಕೊಂಡರೆ ಮುಗಿಯಿತು. ಒಣ ಹತ್ತಿ ಸದ್ದನ್ನು ತಡೆಯುವುದು ತೀರಾ ಕಡಿಮೆ. ಒಂದು ರೈಫಲ್ ಗುಂಡು ಹಾರಿದಾಗ ಹೊಡೆಯುವವನ ಕಿವಿಯ ಹತ್ತಿರ ಸದ್ದು ಸುಮಾರು 155ರಿಂದ 160 ಡೆಸಿಬಲ್ ಮುಟ್ಟುತ್ತದೆ. ಫಿರಂಗಿ, ಮಾರ್ಟರ್ ಇನ್ನೂ ಮೇಲೆ. 84 ಎಂಎಂ ರಾಕೆಟ್ ಲಾಂಚರ್ 180 ದಾಟುತ್ತದೆ. ಬರಿಗಿವಿ ತಡೆಯುವ ಸಿಡಿತದ ಮಿತಿ ಎಂದು ಎಲ್ಲ ಕಡೆ ಒಪ್ಪಿಕೊಂಡಿರುವುದು 140. ಹತ್ತು ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು ಆಗುತ್ತದೆ ಅನ್ನುವುದನ್ನು ನೆನಪಿಟ್ಟುಕೊಂಡು ಈ ಅಂಕಿಗಳನ್ನು ಇನ್ನೊಮ್ಮೆ ಓದಿ. ದೀಪಾವಳಿ ಪಟಾಕಿಗೇ ನಮ್ಮಲ್ಲಿ ನಾಲ್ಕು ಮೀಟರ್ ದೂರದಿಂದ ಅಳೆದು ಮಿತಿ ಹಾಕಿದ್ದಾರೆ. ಇಲ್ಲಿ ಸಿಡಿಯುವುದು ಕೆನ್ನೆಯ ಪಕ್ಕದಲ್ಲೇ.

ಕಿವಿಯ ಒಳಗೆ, ಬಸವನಹುಳುವಿನ ಚಿಪ್ಪಿನ ಆಕಾರದ ಭಾಗದಲ್ಲಿ, ಸದ್ದನ್ನು ಹಿಡಿಯುವ ಸುಮಾರು 15,000 ಕೂದಲ ಕೋಶಗಳಿರುತ್ತವೆ. ಒಂದೊಂದು ಕಿವಿಗೂ ಅಷ್ಟೇ, ಹುಟ್ಟುವಾಗ ಬಂದದ್ದೇ ಕೊನೆ. ಕೋಳಿಗೆ ಅವು ಸತ್ತರೆ ಮತ್ತೆ ಹುಟ್ಟುತ್ತವಂತೆ, ಮನುಷ್ಯನಿಗೆ ಇಲ್ಲ. ಫೈರಿಂಗ್ ಮುಗಿದ ಸಂಜೆ ಕಿವಿಯಲ್ಲಿ ಕುಂಯ್ ಅನ್ನುತ್ತದೆ, ಬೆಳಗಾಗುವಷ್ಟರಲ್ಲಿ ಸರಿಹೋಗುತ್ತದೆ, ಆಮೇಲೆ ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ಆ ಸದ್ದನ್ನೇ ನಾವು ತಮಾಷೆ ಮಾಡಿಕೊಂಡು ನಗುತ್ತಿದ್ದೆವು. ಹೀಗೆ ಸರಿಹೋದ ಹಾಗೆ ಕಂಡರೂ ಒಳಗೆ ನರದ ಕೊಂಡಿಗಳು ಕಳಚಿರಬಹುದು ಎಂದು ಈಗ ಸಂಶೋಧಕರು ಹೇಳುತ್ತಾರೆ. ಮೊದಲು ಪೆಟ್ಟು ಬೀಳುವುದು 4,000 ಹರ್ಟ್ಸ್ ಸುತ್ತಮುತ್ತಲಿನ ತೀಕ್ಷ್ಣ ಸ್ವರಗಳಿಗೆ. ಮಾತಿನ ದಪ್ಪ ಸದ್ದು ಕೇಳುತ್ತಲೇ ಇರುತ್ತದೆ, ಸ, ಶ, ತ, ಕ ಇಂಥ ಅಕ್ಷರಗಳು ಮಾತ್ರ ಒಂದೊಂದಾಗಿ ಉದುರಿಹೋಗುತ್ತವೆ. 'ಕೇಳಿಸುತ್ತೆ, ಆದರೆ ಅರ್ಥ ಆಗಲ್ಲ' ಅಂತ ನಮ್ಮವರು ಹೇಳುವುದು ಇದನ್ನೇ. ಮನೆಯವರು ಬೇಕಂತಲೇ ಕೇಳಿಸಿಕೊಳ್ಳುತ್ತಿಲ್ಲ ಅಂದುಕೊಳ್ಳುತ್ತಾರೆ. ಮೊಮ್ಮಕ್ಕಳ ಸಣ್ಣ ದನಿಯಂತೂ ಮೊದಲು ಹೋಗುವುದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಭರ್ತಿಯ ವೈದ್ಯಕೀಯ ಪರೀಕ್ಷೆಯಲ್ಲಿ ಕಿವಿ ನೋಡುವ ಕ್ರಮ ಗೊತ್ತಿದೆಯಲ್ವಾ? ಹುಡುಗನನ್ನು ಬೆನ್ನು ಮಾಡಿ ನಿಲ್ಲಿಸುತ್ತಾರೆ, 610 ಸೆಂಟಿಮೀಟರ್, ಅಂದರೆ ಇಪ್ಪತ್ತು ಅಡಿ ದೂರದಿಂದ ಪಿಸುಮಾತಿನಲ್ಲಿ ಏನೋ ಹೇಳುತ್ತಾರೆ, ಅವನು ಅದನ್ನೇ ಮತ್ತೆ ಹೇಳಿದರೆ ಪಾಸ್. ಪೂರ್ತಿ ಕಿವುಡನನ್ನು ಹಿಡಿಯಲು ಇದು ಸಾಕು. ಆದರೆ 4,000 ಹರ್ಟ್ಸಿನಲ್ಲಿ ಆಗತಾನೇ ಶುರುವಾದ ಕುಸಿತ ಇದರಲ್ಲಿ ಸಿಕ್ಕಿಬೀಳುವುದು ಕಷ್ಟ. ಅದಕ್ಕೆ ಆಡಿಯೋಮೆಟ್ರಿಯೇ ಬೇಕು: ಸದ್ದಿಲ್ಲದ ಕೋಣೆ, ಒಂದು ಹೆಡ್‌ಫೋನ್, ಬೀಪ್ ಕೇಳಿದಾಗ ಒತ್ತಲು ಒಂದು ಗುಂಡಿ, ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಪೈಲಟ್‌ಗಳಿಗೆ ಈ ಪರೀಕ್ಷೆ ಇದೆ. ವಿಮಾನ ಬೆಲೆಬಾಳುತ್ತದೆ, ಅದಕ್ಕೇ ಇರಬೇಕು. ಫಿರಂಗಿಯ ಪಕ್ಕ ನಿಲ್ಲುವವನಿಗೂ ಮಾಡಿ ಅನ್ನುವುದೇ ನನ್ನ ಮಾತು. ಮೊದಲ ಗುಂಡು ಹೊಡೆಯುವ ಮುಂಚೆ ಒಂದು, ಆಮೇಲೆ ವರ್ಷಕ್ಕೊಂದು, ಸೇವೆ ಬಿಡುವಾಗ ಇನ್ನೊಂದು, ಆ ಫಲಿತಾಂಶದ ಹಾಳೆಗಳ, ಅಂದರೆ ಆಡಿಯೋಗ್ರಾಮ್‌ಗಳ, ನಕಲು ಸೈನಿಕನ ಕೈಯಲ್ಲೂ ಇರಬೇಕು.

ಅಗ್ನಿವೀರರಿಗೆ ಇದು ಇನ್ನೂ ಅಗತ್ಯ. 2022ರಿಂದ ಬಂದ ಈ ಯೋಜನೆಯಲ್ಲಿ ನಾಲ್ಕು ವರ್ಷಕ್ಕೆ ಹೊರಬರುವವರೇ ಜಾಸ್ತಿ, ಉಳಿಸಿಕೊಳ್ಳುವುದು ಕಾಲು ಭಾಗವನ್ನು ಮಾತ್ರ. ಇಪ್ಪತ್ತೈದು ದಾಟದ ಹುಡುಗ ಇನ್ನೊಂದು ಕೆಲಸಕ್ಕೆ ಅರ್ಜಿ ಹಾಕಬೇಕು. ಅಲ್ಲಿ ಕಿವಿ ಫೇಲ್ ಆದರೆ, ಅದು ಫೈರಿಂಗ್ ರೇಂಜಿನಲ್ಲಿ ಹೋದದ್ದು ಅಂತ ಅವನು ಏನು ತೋರಿಸಿ ಹೇಳುತ್ತಾನೆ?

ಪರೀಕ್ಷೆ ಮಾಡಿದರೆ ಮಾತ್ರ ಸಾಲದು, ಹುಡುಗರು ನಿಜ ಹೇಳುವ ಹಾಗಿರಬೇಕು. ಸೈನ್ಯದಲ್ಲಿ ಮೆಡಿಕಲ್ ಕ್ಯಾಟಗರಿಗೆ ಶೇಪ್ ಅನ್ನುತ್ತಾರೆ, ಅದರ ಐದು ಅಕ್ಷರಗಳಲ್ಲಿ ಎಚ್ ಅಂದರೆ ಹಿಯರಿಂಗ್. ಶೇಪ್ ಒನ್, ಅಂದರೆ ಪೂರ್ತಿ ಫಿಟ್, ಇಲ್ಲದಿದ್ದರೆ ಬಡ್ತಿ, ಸೇವೆ ಮುಂದುವರಿಕೆ, ವಿಶ್ವಸಂಸ್ಥೆಯ ಪೋಸ್ಟಿಂಗ್, ಎಲ್ಲಕ್ಕೂ ತೊಡಕು. 'ಕ್ಯಾಟಗರಿ ಆದ', ಅಂದರೆ ಮೆಡಿಕಲ್ ದರ್ಜೆ ಇಳಿಯಿತು, ಅಂತ ಒಮ್ಮೆ ಹೆಸರು ಬಂದರೆ ಗೆಳೆಯರೇ ಬೇರೆ ಥರ ನೋಡುತ್ತಾರೆ. ಇಷ್ಟಾದ ಮೇಲೆ ಯಾವ ನಾಯಕ್ ಬಂದು 'ಸಾಬ್, ಕಿವಿ ಕುಂಯ್ ಅಂತಿದೆ' ಅಂತಾನೆ? ಮುಚ್ಚಿಡುತ್ತಾನೆ, ತುಟಿ ನೋಡಿ ಆರ್ಡರ್ ಊಹಿಸುವುದನ್ನು ಕಲಿಯುತ್ತಾನೆ. ಮೊದಲ ಕುಸಿತ ಕಂಡಾಗ ಕ್ಯಾಟಗರಿ ಇಳಿಸುವ ಬದಲು ಫೈರಿಂಗಿನಿಂದ ಕೆಲವು ತಿಂಗಳು ದೂರ ಇಟ್ಟು, ಒಳ್ಳೆಯ ಪ್ಲಗ್ ಕೊಟ್ಟು, ಮತ್ತೆ ಪರೀಕ್ಷೆ ಮಾಡುವ ನಿಯಮ ಇದ್ದರೆ ಮುಚ್ಚಿಡುವ ಕಾರಣವೇ ಇರುವುದಿಲ್ಲ.

ಪ್ಲಗ್ ಅಂದೆ. ಸ್ಪಂಜಿನ ಇಯರ್‌ಪ್ಲಗ್ ಜೋಡಿಗೆ ಹತ್ತಿಪ್ಪತ್ತು ರೂಪಾಯಿ ಇರಬಹುದು, ದುಡ್ಡು ಇಲ್ಲಿ ಸಮಸ್ಯೆಯೇ ಅಲ್ಲ. ಹಾಕುವುದನ್ನು ಕಲಿಸಬೇಕು. ಬೆರಳಿನಲ್ಲಿ ಹೊಸೆದು ಸಣ್ಣಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು, ಒಳಗಿಟ್ಟು ಅದು ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಸುಮ್ನೆ ಕಿವಿಯ ಬಾಯಿಗೆ ಸಿಕ್ಕಿಸಿದರೆ ಹತ್ತಿಗಿಂತ ದೊಡ್ಡ ವ್ಯತ್ಯಾಸವೇನೂ ಆಗದು. ಅಮೆರಿಕದಲ್ಲಿ ಏನಾಯಿತು ನೋಡಿ. 3ಎಂ ಕಂಪನಿ ಅಲ್ಲಿನ ಸೈನ್ಯಕ್ಕೆ ಕೊಟ್ಟ ಪ್ಲಗ್ ಕಿವಿಯಲ್ಲಿ ಸರಿಯಾಗಿ ಕೂರುವುದಿಲ್ಲ ಅಂತ ಎರಡು ಲಕ್ಷಕ್ಕೂ ಹೆಚ್ಚು ಜನ ಕೋರ್ಟಿಗೆ ಹೋದರು. 2023ರಲ್ಲಿ ಕಂಪನಿ ಸುಮಾರು 600 ಕೋಟಿ ಡಾಲರ್ ಕೊಡಲು ಒಪ್ಪಿತು. ತಪ್ಪು ಒಪ್ಪಿಕೊಳ್ಳಲಿಲ್ಲ ಅನ್ನುವುದು ಬೇರೆ ಮಾತು. ಅಂಥ ದುಡ್ಡಿನ ಸೈನ್ಯದಲ್ಲೇ ಹೀಗಾದರೆ, ಪೆಟ್ಟಿಗೆಗಟ್ಟಲೆ ಪ್ಲಗ್ ಹಂಚಿ ಲೆಡ್ಜರಿನಲ್ಲಿ ಸಹಿ ಹಾಕಿಸಿಕೊಂಡರೆ ಕೆಲಸ ಮುಗಿಯಿತು ಅಂತ ನಾವು ಹೇಗೆ ಅಂದುಕೊಳ್ಳುವುದು?

ಪ್ಲಗ್ ಹಾಕಿದರೆ ಆರ್ಡರ್ ಕೇಳಿಸಲ್ಲ ಅನ್ನುವ ದೂರು ಇದೆ, ಅದು ನಿಜ ಕೂಡ. ಗಸ್ತಿನಲ್ಲಿ ಒಣ ಎಲೆ ಮೇಲಿನ ಹೆಜ್ಜೆ ಸದ್ದು ಕೇಳಿಸದಿದ್ದರೆ ಜೀವಕ್ಕೇ ಕುತ್ತು. ಮಾತನ್ನು ಒಳಗೆ ಬಿಟ್ಟು ಸಿಡಿತವನ್ನು ಮಾತ್ರ ತಡೆಯುವ ಪ್ಲಗ್‌ಗಳೂ ಎಲೆಕ್ಟ್ರಾನಿಕ್ ಇಯರ್‌ಮಫ್‌ಗಳೂ ಈಗ ಸಿಗುತ್ತವೆ. ಯುದ್ಧದ ಮಾತು ಬಿಡಿ, ಅಲ್ಲಿ ಯಾರೂ ಕಿವಿ ನೋಡಿಕೊಳ್ಳುವುದಿಲ್ಲ. ಆದರೆ ರೇಂಜಿನ ತರಬೇತಿಯಲ್ಲಿ ಕಿವಿ ಕಳೆದುಕೊಳ್ಳುವುದಕ್ಕೆ ಏನು ಕಾರಣ ಹೇಳೋಣ?

ನಿವೃತ್ತಿಯ ನಂತರದ ಕಥೆ ಬೆಂಗಳೂರಿನವರಿಗೆ ಕಣ್ಣೆದುರೇ ಇದೆ. ಅಪಾರ್ಟ್‌ಮೆಂಟ್ ಗೇಟಿನಲ್ಲಿ ಕೂತ ಸೆಕ್ಯುರಿಟಿಯವರಲ್ಲಿ ಎಷ್ಟೋ ಜನ ಮಾಜಿ ಸೈನಿಕರು. ಅವರ ಕುರ್ಚಿ ಎಲ್ಲಿ ಹಾಕಿರುತ್ತಾರೆ ಗಮನಿಸಿ, ಬಹಳ ಕಡೆ ಡೀಸೆಲ್ ಜನರೇಟರ್ ಪಕ್ಕ. 85 ಡೆಸಿಬಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದು, ಮೂರು ಡೆಸಿಬಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯುತ್ತದೆ, 100ಕ್ಕೆ ಬಂದರೆ ಕಾಲು ಗಂಟೆ ಅಷ್ಟೇ ಅನ್ನುವುದು ತಜ್ಞರ ಲೆಕ್ಕ. ಮೊದಲೇ ಪೆಟ್ಟು ತಿಂದ ಕಿವಿಯನ್ನು ಕರೆಂಟು ಹೋದಾಗಲೆಲ್ಲ ಅಲ್ಲಿ ಕೂರಿಸುತ್ತೇವೆ. ನಿವಾಸಿಗಳ ಸಂಘದವರು ಇದನ್ನು ಓದುತ್ತಿದ್ದರೆ ಆ ಕುರ್ಚಿಯನ್ನು ಇವತ್ತೇ ದೂರ ಇಡಿ. ಯಲಹಂಕದ ಏರೋ ಇಂಡಿಯಾಕ್ಕೆ ಕೂಸುಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುವ ಅಪ್ಪಂದಿರಿಗೂ ಒಂದು ಮಾತು: ಮಕ್ಕಳಿಗೆ ಇಯರ್‌ಮಫ್ ಸಿಗುತ್ತದೆ, ಕೊಡಿಸಿ. ಎನ್‌ಸಿಸಿ ಕ್ಯಾಂಪಿನಲ್ಲಿ ಪಾಯಿಂಟ್ ಟೂಟೂ ರೈಫಲ್ ಹೊಡೆಯುವ ಮಕ್ಕಳಿಗೂ ಬೇಕು, ಅದು ಆಟಿಕೆ ಅಲ್ಲ.

ಇದಕ್ಕೆ ಬೇಕಾದ ಬುದ್ಧಿ ಹೊರಗಿನಿಂದ ತರಬೇಕಿಲ್ಲ. ಸೈನಿಕರ ರಕ್ಷಣಾ ಸಾಮಗ್ರಿ ಮಾಡುವ ಡಿಆರ್‌ಡಿಒದ ಡೆಬೆಲ್ ಪ್ರಯೋಗಾಲಯ ಸಿ.ವಿ. ರಾಮನ್ ನಗರದಲ್ಲಿದೆ. ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಮತ್ತು ಕಮಾಂಡ್ ಆಸ್ಪತ್ರೆ ಇದೇ ಊರಿನಲ್ಲಿವೆ. ಆಡಿಯಾಲಜಿಸ್ಟ್‌ಗಳನ್ನು ತಯಾರು ಮಾಡುವ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆ ಮೈಸೂರಿನಲ್ಲಿದೆ, ಎಂಇಜಿ, ಎಎಸ್‌ಸಿ, ಪ್ಯಾರಾ, ಹೀಗೆ ಸೈನ್ಯದ ತರಬೇತಿ ಕೇಂದ್ರಗಳು ನಮ್ಮ ಮನೆ ಬಾಗಿಲಲ್ಲೇ ಇವೆ. ನಿಮ್ಮ ವರದಿಗಾರರು ಈ ಕೇಂದ್ರಗಳ ಮುಂದಿನ ಪಾಸಿಂಗ್ ಔಟ್ ಪರೇಡಿಗೆ ಹೋದಾಗ ಫೋಟೊ ಜೊತೆ ಒಂದು ಪ್ರಶ್ನೆಯನ್ನೂ ಕೇಳಿ ಬರಲಿ: ಇವತ್ತು ಕವಾಯತು ಮಾಡಿದ ಹುಡುಗರಲ್ಲಿ ಎಷ್ಟು ಜನರ ಆಡಿಯೋಗ್ರಾಮ್ ಫೈಲಿನಲ್ಲಿದೆ? ಸಿಕ್ಕ ಉತ್ತರವನ್ನು ಇದ್ದ ಹಾಗೇ ಅಚ್ಚು ಹಾಕಿ.

ಇಂತಿ,
ಒಬ್ಬ ನಿವೃತ್ತ ಹವಾಲ್ದಾರ್
ವಿದ್ಯಾರಣ್ಯಪುರ, ಬೆಂಗಳೂರು